ಗುಂಯ್ ಸಾಹೇಬನ ಹೆಡ್‌ಫೋನು

ಕಚೇರಿಯಲ್ಲಿ ಅವನಿಗೆ ‘ಗುಂಯ್ ಸಾಹೇಬ’ ಎಂಬ ಬಿರುದು ಬಂದದ್ದು ಸ್ವಂತ ಪರಿಶ್ರಮದಿಂದ. ರೆಕಾರ್ಡ್ ಆದ ಪರರ ಮಾತನ್ನು ಕೇಳಿ ಟೈಪು ಮಾಡುವುದು ಅಲ್ಲಿಯ ಕೆಲಸ. ಇವನ ಸ್ವಂತ ಮಾತಿಗೆ ಯಾರೂ ಸಂಬಳ ಕೊಡದ ಕಾರಣ ಅಲ್ಲಿ ಸೇರಿಕೊಂಡಿದ್ದ. ಕಿವಿಗೆ ಬೀಳದ ಪದದ ಜಾಗದಲ್ಲಿ ‘ಅಸ್ಪಷ್ಟ’ ಎಂದು ಹಾಕುವುದು ಪದ್ಧತಿ. ಉಳಿದವರು ಅದನ್ನು ಉಪ್ಪಿನಂತೆ ಚಿಟಿಕೆಯಷ್ಟು ಬಳಸಿದರೆ, ಇವನು ಸುಣ್ಣದಂತೆ ಪುಟದ ತುಂಬ ಬಳಿಯುತ್ತಿದ್ದ. ಕೇಳಿದರೆ ಸಿದ್ಧ ಉತ್ತರ: “ಹೆಡ್‌ಫೋನಲ್ಲಿ ಗುಂಯ್ ಅನ್ನುತ್ತೆ ಮೇಡಂ, ನಾನೇನು ಮಾಡ್ಲಿ?”

ಗುಂಯ್ ಎನ್ನುತ್ತಿದ್ದದ್ದು ನಿಜವೇ. ಮೌಸ್ ಅಲ್ಲಾಡಿಸಿದರೆ ಹೆಡ್‌ಫೋನು ಕಿರ್ರೆನ್ನುತ್ತಿತ್ತು, ಸುಮ್ಮನೆ ಬಿಟ್ಟರೆ ಮತ್ತೆ ಗುಂಯ್.

ಕೊನೆಗೆ ಮೇಲ್ವಿಚಾರಕಿಯ ತಾಳ್ಮೆ ಮುಗಿಯಿತು. “ನೋಡಪ್ಪ, ನಿನ್ನನ್ನ ಕಾಯಂ ಮಾಡೋದಾ, ಮನೆಗೆ ಕಳಿಸೋದಾ ಅಂತ ಇವತ್ತು ಸಂಜೆ ನಾನು ಮೇಲಿನವರಿಗೆ ಹೇಳ್ಬೇಕು. ಆ ಗುಂಯ್ ಓಡಿಸು. ಆಮೇಲೆ ನನ್ನೆದುರಿಗೇ ಒಂದು ಪುಟ ಟೈಪ್ ಮಾಡು.”

ಸಾಹೇಬರು ಸೊಂಟ ಕಟ್ಟಿ ನಿಂತರು. ಮೊದಲು ಹೆಡ್‌ಫೋನಿನ ವಿಚಾರಣೆ. ಪಕ್ಕದ ಮೇಜಿನ ಅಕ್ಕನದನ್ನು ಬೇಡಿ ಹಾಕಿಕೊಂಡ, ಅದರಲ್ಲೂ ಗುಂಯ್. ಇವನದನ್ನು ಅವಳ ಕಂಪ್ಯೂಟರಿಗೆ ಸಿಕ್ಕಿಸಿದರೆ ಅದು ತುಟಿ ಪಿಟಕ್ಕೆನ್ನಲಿಲ್ಲ.

“ಪಾಪ, ಹೆಡ್‌ಫೋನು ಒಳ್ಳೇ ಮನೆತನದ್ದು ಕಣೋ. ಸಹವಾಸ ಸರಿಯಿಲ್ಲ, ಅಷ್ಟೇ,” ಎಂದಳು ಅಕ್ಕ.

ಪಕ್ಕದಲ್ಲಿದ್ದ ಮೊಬೈಲನ್ನು ದೂರ ಇಟ್ಟ. ಮೈಕನ್ನು ಬಂದ್ ಮಾಡಿದ. ಸೌಂಡ್ ಡ್ರೈವರ್ ಕಿತ್ತುಹಾಕಿ ಮತ್ತೆ ಹಾಕಿದ. ಗುಂಯ್ ಜಪ್ಪಯ್ಯ ಅನ್ನಲಿಲ್ಲ. ಮೊಬೈಲ್ ಅಂಗಡಿ ಇಟ್ಟು ಸರ್ವಜ್ಞನಾಗಿದ್ದ ಭಾವನಿಗೆ ಫೋನು ಹೋಯಿತು.

“ಅರ್ಥಿಂಗ್ ಇಲ್ಲ ಕಣೋ! ಗೋಡೆ ಒಡೆದು ವೈರಿಂಗ್ ಮಾಡ್ಸು.”

“ಭಾವ, ಇದು ಬಾಡಿಗೆ ಕಟ್ಟಡ.”

“ಹಾಗಾದ್ರೆ ಕಟ್ಟಡ ಬದಲಾಯಿಸು,” ಎಂದು ಭಾವ ಗಿರಾಕಿಯ ಕಡೆ ತಿರುಗಿದ.

ಕಂಪ್ಯೂಟರನ್ನು ಬೇರೆ ಪ್ಲಗ್ಗಿಗಾದರೂ ಹಾಕೋಣವೆಂದು ಸಾಹೇಬರು ಮೇಜಿನಡಿ ತೂರಿದರು. ಮೈತುಂಬ ಧೂಳು ಮೆತ್ತಿಕೊಂಡಾಗ ಕಂಡದ್ದು ಕಂಪ್ಯೂಟರ್ ಡಬ್ಬದ ಬೆನ್ನಲ್ಲಿ ಒಂದು ಹಸಿರು ತೂತು. ಇಷ್ಟು ದಿನ ಬಗ್ಗಲು ಸೋಮಾರಿತನವಾಗಿ ಹೆಡ್‌ಫೋನನ್ನು ಡಬ್ಬದ ಮುಂಭಾಗದ ತೂತಿಗೇ ಸಿಕ್ಕಿಸುತ್ತಿದ್ದ. ಅಲ್ಲಿಂದ ಒಳಗೆ ಹೋಗುವ ಬಡಕಲು ತಂತಿ, ದಾರಿಯಲ್ಲಿ ಸಿಕ್ಕ ಫ್ಯಾನಿನ, ಬೋರ್ಡಿನ ಗದ್ದಲವನ್ನೆಲ್ಲ ಹೊತ್ತು ತಂದು ಕಿವಿಗೆ ಸುರಿಯುತ್ತಿತ್ತು. ಹಿಂದಕ್ಕೆ ಸಿಕ್ಕಿಸಿದ. ಗುಂಯ್ ಮಾಯ.

ಕೂದಲಲ್ಲಿ ಜೇಡರ ಬಲೆ ಹೊತ್ತೇ ಮೇಡಂ ಎದುರು ಟೈಪಿಗೆ ಕೂತ. ಮನೆ ಕಟ್ಟುವ ಮುದುಕ ಮೇಸ್ತ್ರಿಯೊಬ್ಬನ ಸಂದರ್ಶನ. ಕೆಮ್ಮು ಕೂಡ ಗಂಟೆ ಬಾರಿಸಿದಷ್ಟು ಸ್ವಚ್ಛ. ನಾಲ್ಕು ಸಾಲು ಬೆರಳು ಕುದುರೆಯಂತೆ ಓಡಿತು. ಆಗ ಮೇಸ್ತ್ರಿ, “ರಸಮಟ್ಟ ಇಟ್ಟು ನೋಡ್ದೆ,” ಎಂದ. ಇಟ್ಟಿಗೆಯ ಸಾಲು ಸಮನಾಗಿದೆಯೇ ಎಂದು ನೋಡುವ ಆ ಸಾಧನದ ಹೆಸರನ್ನು ಸಾಹೇಬರು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಬೆರಳು ರೂಢಿಯಂತೆ ‘ಅಸ್ಪಷ್ಟ’ ಎಂದು ಹೊಡೆದು ಮುಂದೆ ಹೋಯಿತು.

ಮೇಡಂ ಹೆಡ್‌ಫೋನು ಕಿತ್ತು ತಮ್ಮ ಕಿವಿಗಿಟ್ಟುಕೊಂಡರು. ರೆಕಾರ್ಡಿಂಗನ್ನು ಹಿಂದಕ್ಕೆ ಸರಿಸಿ ಕೇಳಿದರು.

“ಗುಂಯ್ ಎಲ್ಲಿದೆಯಪ್ಪ?”

ಅವನು ಡಬ್ಬ ನೋಡಿದ, ತಂತಿ ನೋಡಿದ, ಅಕ್ಕನನ್ನು ನೋಡಿದ. ಅಕ್ಕ ತನ್ನ ಪರದೆಯೊಳಗೆ ಮುಖ ಹುದುಗಿಸಿ ನಗು ನುಂಗುತ್ತಿದ್ದಳು. ದೂರು ಹೇರಲು ಒಂದು ತಂತಿಯೂ ಉಳಿದಿರಲಿಲ್ಲ.

“ಕೇಳಿಸ್ತು ಮೇಡಂ. ಅರ್ಥ ಆಗ್ಲಿಲ್ಲ.”

“ಹಳೇ ಪುಟಗಳಲ್ಲೂ ಇದೇ ಕಥೆನಾ?”

“ಹೆಚ್ಚುಕಮ್ಮಿ.”

ಕೆಲಸ ಕಾಯಂ ಆಗಲಿಲ್ಲ, ಮನೆಗೂ ಕಳಿಸಲಿಲ್ಲ. ತಾನು ಸುಣ್ಣ ಬಳಿದ ಪುಟಗಳನ್ನೆಲ್ಲ ತಾನೇ ಮತ್ತೆ ಕೇಳಿ ತುಂಬಬೇಕು, ಅಲ್ಲಿಯವರೆಗೆ ತಾತ್ಕಾಲಿಕ ಎಂದು ತೀರ್ಮಾನವಾಯಿತು. ಸಾಹೇಬರು ಕುರ್ಚಿಯನ್ನು ಅಕ್ಕನ ಕಡೆಗೆ ಎಳೆದುಕೊಂಡರು.

“ಅಕ್ಕಾ, ರಸಮಟ್ಟ ಅಂದ್ರೇನು?”

“ಮೊದ್ಲು ತಲೆ ಮೇಲಿನ ಬಲೆ ತೆಗಿ, ಹೇಳ್ತೀನಿ.”