ಅತ್ತಿಗೆಗೆ ಸಿಗದ ಪುಟ್ಟ ಕಾರು

ವೇದಿಕೆಯ ಮೇಲೆ ನೀವು ಆಡಿದ ಮಾತನ್ನು ನಿಮ್ಮ ಮನೆಯವರೇ ಒಬ್ಬರು ನಿಜವೆಂದು ನಂಬಿ, ಮರುದಿನ ಬೆಳಿಗ್ಗೆ ನಿಮ್ಮೆದುರು ನಿಂತು, ‘ಸರಿ, ಹಾಗಾದರೆ ಯಾವಾಗ?’ ಎಂದು ಕೇಳಿದರೆ ನೀವು ಏನು ಉತ್ತರ ಕೊಡುವಿರಿ?

ನಾನು ಸುಳ್ಳು ಹೇಳಿದೆ. ಹತ್ತು ವರ್ಷಗಳ ಹಿಂದೆ, ಮದ್ರಾಸಿನ ತಿರುವಲ್ಲಿಕ್ಕೇಣಿಯ ನಮ್ಮ ಮನೆಯಲ್ಲಿ, ನನ್ನ ಅಣ್ಣನ ಹೆಂಡತಿ ಪದ್ಮಾವತಿಯವರಿಗೆ ಸುಳ್ಳು ಹೇಳಿದೆ. ಕೇಳಿದವರು ವಿವೇಕವೆಂದು ತಲೆದೂಗುವಂತೆ, ಮೂರು ಕಾರಣಗಳನ್ನು ಬೆರಳು ಮಡಿಸಿ ಎಣಿಸುತ್ತ ಹೇಳಿದೆ. ಆ ಮಾತಿನಿಂದ ಒಂದು ಕಾರು ಅವರ ಕೈತಪ್ಪಿತು. ಕಾರು ತಾನೇ ಎಂದುಕೊಳ್ಳಬೇಡಿ—ನಾನೂ ಬಹುಕಾಲ ಹಾಗೆಯೇ ಅಂದುಕೊಂಡಿದ್ದೆ.

ನಮ್ಮದು ಉಡುಪಿಯ ಕಡೆಯಿಂದ ಬಂದು ಇಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ ಕುಟುಂಬ. ಅಣ್ಣ ತೀರಿಕೊಂಡಾಗ ಅತ್ತಿಗೆಗೆ ಮೂವತ್ತು ತುಂಬಿರಲಿಲ್ಲ. ನಾನು ಕಾಲೇಜಿನಲ್ಲಿ ಚರ್ಚಾಕೂಟದ ಬಹುಮಾನಗಳನ್ನು ಗೆದ್ದವನು. ಅಲ್ಲಿ ಚೀಟಿಯೆತ್ತಿ ಪಕ್ಷ ನಿರ್ಧರಿಸುತ್ತಿದ್ದರು. ಯಾವ ಪಕ್ಷ ಬಂದರೂ ಗೆಲ್ಲುವುದನ್ನು ನಾನು ಕಲಿತಿದ್ದೆ. ಯಾವುದು ನನ್ನ ಪಕ್ಷವೆಂಬುದನ್ನು ಮಾತ್ರ ಯಾರೂ ಕೇಳಿರಲಿಲ್ಲ. ನಮ್ಮ ಬಡಾವಣೆಯ ಕನ್ನಡ ಸಂಘದಲ್ಲಿ ಸ್ತ್ರೀಸ್ವಾತಂತ್ರ್ಯದ ಮೇಲೆ ಮಾತನಾಡಬೇಕಾದಾಗಲೆಲ್ಲ ನನ್ನನ್ನೇ ಕರೆಯುತ್ತಿದ್ದರು. ಮಾತಿಗೆ ಸಾಕ್ಷಿ ಬೇಕಿತ್ತು. ಅತ್ತಿಗೆಯನ್ನು ಕಾರು ಓಡಿಸಲು ಕಲಿಯಿರೆಂದು ಒಪ್ಪಿಸಿದವನು ನಾನೇ.

ಕಲಿಸಿದವರು ಮೌಂಟ್ ರೋಡಿನ ಹಿಂದಿನ ಗಲ್ಲಿಯಲ್ಲಿ ಗ್ಯಾರೇಜಿಟ್ಟುಕೊಂಡು ಕಾರುಗಳನ್ನು ವರ್ಷದ ಲೆಕ್ಕದಲ್ಲಿ ಲೀಸಿಗೆ ಕೊಡುತ್ತಿದ್ದ ಮುದಲಿಯಾರರು. ಭಾನುವಾರ ಬೆಳಿಗ್ಗೆ ಪೋರೂರಿನ ಕೆರೆಯ ಪಕ್ಕದ ಖಾಲಿ ರಸ್ತೆ. ಮದ್ರಾಸಿನಲ್ಲೇ ಜೋಡಣೆಯಾಗುತ್ತಿದ್ದ ಒಂದು ಪುಟ್ಟ ಕಾರು. ಅತ್ತಿಗೆ ಕುಳ್ಳಗಿನವರು. ಹಳೆಯ ಸೀರೆಯಿಂದ ಒಂದು ದಿಂಬು ಹೊಲಿದು, ಬೂರುಗದ ಹತ್ತಿ ತುಂಬಿ, ಅದರ ಮೇಲೆ ಕೂತರೆ ಆ ಕಾರಿನಲ್ಲಿ ಅವರಿಗೆ ರಸ್ತೆಯೂ ಕಾಣುತ್ತಿತ್ತು, ಕ್ಲಚ್ಚೂ ಕಾಲಿಗೆ ಎಟಕುತ್ತಿತ್ತು. ಒಮ್ಮೆ ಎದುರಿಗೆ ಎಮ್ಮೆಗಳ ಹಿಂಡು ಬಂದಾಗ ಹಿಂದಿನ ಸೀಟಿನಲ್ಲಿದ್ದ ನಾನು ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡೆ. ಮುದಲಿಯಾರರು ಕನ್ನಡಿಯಲ್ಲಿ ನೋಡಿ ನಕ್ಕರು.

“ಅಮ್ಮಾ ನಲ್ಲಾ ಓಟ್ಟುರಾಂಗ ಸಾರ್. ನೀಂಗದಾನ್ ಭಯಪ್ಪಡುರೀಂಗ.”

ಅಮ್ಮ ಚೆನ್ನಾಗಿಯೇ ಓಡಿಸುತ್ತಾರೆ, ಹೆದರುತ್ತಿರುವುದು ನೀವೇ. ಅದು ಎಷ್ಟು ನಿಜವೆಂದು ಅವರಿಗೆ ಆಗ ತಿಳಿದಿರಲಾರದು, ನನಗೂ ತಿಳಿದಿರಲಿಲ್ಲ.

ಲೈಸೆನ್ಸು ಬಂತು. ಮುಂದಿನ ಭಾಷಣದಲ್ಲಿ ‘ನಮ್ಮ ಮನೆಯಲ್ಲಿಯೇ’ ಎಂದು ಆರಂಭಿಸಿ ನಾನು ಚಪ್ಪಾಳೆ ಗಿಟ್ಟಿಸಿದೆ. ಅತ್ತಿಗೆ ಮುಂದಿನ ಸಾಲಿನಲ್ಲಿದ್ದರು. ಮರುದಿನ ತಿಂಡಿಯ ಹೊತ್ತಿಗೆ ನನ್ನ ಮುಂದೆ ಲೋಟವಿಟ್ಟು, ಮನಸ್ಸಿನಲ್ಲಿದ್ದುದನ್ನು ಹೇಳಿದರು. ನಮ್ಮ ಸುತ್ತಲಿನ ನಾಲ್ಕು ಕನ್ನಡದ ಮನೆಗಳಲ್ಲಿ ಮೈನೆರೆದ ಹುಡುಗಿಯರನ್ನು, ಬಸ್ಸಿನ ನೂಕುನುಗ್ಗಲಿಗೆ ಹೆದರಿ, ಶಾಲೆ ಬಿಡಿಸುವ ಮಾತು ನಡೆದಿತ್ತು. ಆ ಪುಟ್ಟ ಕಾರನ್ನೇ ಲೀಸಿಗೆ ಹಿಡಿದರೆ ತಾವೇ ಅವರನ್ನು ಮೈಲಾಪುರದ ಶಾಲೆಗೆ ಬಿಟ್ಟು ಕರೆತರುವುದಾಗಿ ಆ ತಾಯಂದಿರ ಹತ್ತಿರ ಆಗಲೇ ಮಾತನಾಡಿ ಬಂದಿದ್ದರು. ಬಾಡಿಗೆಯನ್ನು ನಾಲ್ಕೂ ಮನೆಯವರು ಹಂಚಿಕೊಳ್ಳಲು ಒಪ್ಪಿದ್ದರು.

“ಕಾಗದಪತ್ರ ನಂಗೆ ಗೊತ್ತಾಗುದಿಲ್ಲ ಶೀನ. ಯಾವಾಗ ಹಿಡಿಯುದು ಅಂತ ನೀನೇ ಕೇಳಿ ಬಾ.”

ಕೇಳಲು ಹೋದೆ. ಮುದಲಿಯಾರರು ಸುತ್ತುಬಳಸದೆ ಹೇಳಿದರು: ಕಾರ್ಖಾನೆ ಆ ಮಾದರಿಯನ್ನು ನಿಲ್ಲಿಸುತ್ತಿದೆ. ಅವರಲ್ಲಿ ಲೀಸಿಗೆ ಉಳಿದಿರುವುದು ಅದೊಂದೇ. ಡಾಕ್ಟರೊಬ್ಬರು ಮೂರು ವರ್ಷಕ್ಕೆ ಕೇಳಿದ್ದಾರೆ. ‘ಅಮ್ಮನಿಗೆಂದು ಶುಕ್ರವಾರದವರೆಗೆ ಇಟ್ಟಿರುತ್ತೇನೆ, ಸಾರ್. ಆಮೇಲೆ ಬಂದರೆ ಇರುವುದಿಲ್ಲ.’

ಆ ದಿನ ಮಂಗಳವಾರ. ಮೂರು ದಿನಗಳ ಕಾಲಾವಕಾಶವಿತ್ತು.

ಗ್ಯಾರೇಜಿನಿಂದ ನೇರವಾಗಿ ಮನೆಗೆ ಹೋಗಿದ್ದರೆ—ಹೋಗಲಿಲ್ಲ. ಹೋಟೆಲಿಗೆ ಹೋದೆ. ನಮ್ಮ ಪಾಲುದಾರರಾದ ಅನಂತಯ್ಯನವರು ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರು. ಸುದ್ದಿ ಅವರಿಗೆ ಆಗಲೇ ತಲುಪಿತ್ತು.

“ಎಂತ ಶೀನಣ್ಣ, ನಿಮ್ಮ ಅತ್ತಿಗೆ ಇನ್ನು ಡ್ರೈವರಂತೆ? ಒಳ್ಳೇದಾಯ್ತು ಮಾರಾಯ್ರೆ. ಬೆಳಿಗ್ಗೆ ಹಾಲಿನ ಕ್ಯಾನ್ ತರ್ಲಿಕ್ಕೂ ಅವರನ್ನೇ ಕಳಿಸುವ.”

ಕಾಫಿ ಕುಡಿಯುತ್ತಿದ್ದ ನಾಲ್ಕೈದು ಮಂದಿ ನಕ್ಕರು. ನಾನೂ ನಕ್ಕೆ. ಇದನ್ನು ಬರೆಯುವಾಗ ನನ್ನ ಲೇಖನಿ ಬೇರೆಲ್ಲಿಯೂ ಇಷ್ಟು ತಡವರಿಸಿಲ್ಲ—ನಾನೂ ಅವರೊಡನೆ ನಕ್ಕೆ.

ಆ ನಕ್ಕವರೆಲ್ಲ ಸಂಘದ ಸದಸ್ಯರು. ಸಂಘದ ಅಧ್ಯಕ್ಷ ಸ್ಥಾನದ ಚುನಾವಣೆಗೆ ಎರಡು ವಾರಗಳಿದ್ದವು, ನಾನು ಅಭ್ಯರ್ಥಿಯಾಗಿದ್ದೆ. ವಿಧವೆಯೊಬ್ಬಳು ಕಾರು ಓಡಿಸಬಲ್ಲಳೆಂದು ಭಾಷಣದಲ್ಲಿ ಕೇಳಲು ಅವರಿಗೆ ಅಡ್ಡಿಯಿರಲಿಲ್ಲ. ದಿನಕ್ಕೆರಡು ಬಾರಿ ಅವರ ಮನೆಯೆದುರು ಆಕೆ ಹಾರ್ನ್ ಮಾಡಿಕೊಂಡು ಹೋಗುವುದು ಬೇರೆಯ ವಿಷಯ. ಚುನಾವಣೆ ಮುಗಿಯಲಿ, ಅಷ್ಟೇ, ಎಂದುಕೊಂಡೆ. ಅಷ್ಟರಲ್ಲಿ ಕಾರು ಇರುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮುದಲಿಯಾರರು ಬಿಡಿಸಿ ಹೇಳಿದ್ದರು. ಈ ಒಂದು ಪ್ರಶ್ನೆಯನ್ನು ಎಷ್ಟು ಬಗೆಯಲ್ಲಿ ತಿರುಗಿಸಿ ಕೇಳಿಕೊಂಡರೂ ಉತ್ತರ ಬದಲಾಗಿಲ್ಲ.

ಮನೆಗೆ ಬಂದೆ. ಅತ್ತಿಗೆ ಬಾಗಿಲಲ್ಲೇ ಇದ್ದರು.

“ಒಂದು ತಿಂಗಳು ಕಾಯುವ, ಅತ್ತಿಗೆ.”

ಆಮೇಲೆ ಕಾರಣಗಳನ್ನು ಎಣಿಸಿದೆ. ಒಂದು, ಮಾದರಿ ನಿಲ್ಲುತ್ತಿದೆ, ಆದ್ದರಿಂದ ಬಾಡಿಗೆ ಇಳಿಯುತ್ತದೆ. ಎರಡು, ಹೊಸ ಮಾದರಿಯನ್ನು ನೋಡದೆ ಹಳೆಯದಕ್ಕೆ ಕಟ್ಟುಬೀಳುವುದು ಜಾಣತನವಲ್ಲ. ಮೂರು, ಬಿಡಿಭಾಗಗಳು ಮುಂದೆ ಸಿಗುತ್ತವೋ ಇಲ್ಲವೋ ಎಂದು ವಿಚಾರಿಸಬೇಕು. ಒಂದೊಂದೂ ಬಿಡಿಯಾಗಿ ನೋಡಿದರೆ ತಕ್ಕ ಮಾತೇ. ಡಾಕ್ಟರ ಮಾತನ್ನೂ ಶುಕ್ರವಾರದ ಮಾತನ್ನೂ ಬಿಟ್ಟು ಉಳಿದೆಲ್ಲವನ್ನೂ ಹೇಳಿದೆ.

“ನಿಂತು ಹೋಗುವ ಮಾಡೆಲ್ ಅಲ್ವಾ? ಆಮೇಲೆ ಸಿಗದೇ ಹೋದ್ರೆ?”

ಕಾಲೇಜಿನ ಯಾವ ಪ್ರತಿವಾದಿಯೂ ನನ್ನನ್ನು ಇಷ್ಟು ಸರಿಯಾದ ಜಾಗದಲ್ಲಿ ಹಿಡಿದಿರಲಿಲ್ಲ. “ಸಿಗದೆ ಎಲ್ಲಿಗೆ ಹೋಗುತ್ತದೆ? ಹಳೆಯದನ್ನು ಯಾರು ಕೇಳುತ್ತಾರೆ?” ಎಂದೆ. ಅತ್ತಿಗೆ ನನ್ನ ಮುಖ ನೋಡಿದರು. “ಆಯ್ತು. ನೀನು ಓದಿದವ,” ಎಂದು ಒಳಗೆ ಹೋದರು.

ನಾನು ಚುನಾವಣೆಯಲ್ಲಿ ಗೆದ್ದೆ. ತಿಂಗಳು ತುಂಬಿದ ಮೇಲೆ ಅತ್ತಿಗೆಯ ಜೊತೆ ಗ್ಯಾರೇಜಿಗೆ ಹೋದೆ. ಅವರ ಕಂಕುಳಲ್ಲಿ ಆ ದಿಂಬಿತ್ತು. ಕಾರು ನಿಲ್ಲುತ್ತಿದ್ದ ಮೂಲೆಯಲ್ಲಿ ನೆಲಕ್ಕೆ ಅಂಟಿದ ಎಣ್ಣೆಯ ಕಲೆಯಷ್ಟೇ ಉಳಿದಿತ್ತು. ಮುದಲಿಯಾರರು ಮೊದಲು ನನ್ನನ್ನು ನೋಡಿದರು, ಆಮೇಲೆ ಅವರನ್ನು. “ಪೋಚ್ಚು, ಅಮ್ಮಾ,” ಎಂದರು, ಹೋಯಿತು ಎಂದು. ಶುಕ್ರವಾರದ ಮಾತೆತ್ತಲಿಲ್ಲ. ನನ್ನ ಮರ್ಯಾದೆ ಉಳಿಸಿದರೆಂದು ಆಗ ಸಮಾಧಾನವಾಗಿತ್ತು. ಅವರು ಹೇಳಿಬಿಟ್ಟಿದ್ದರೆ ಈ ಹತ್ತು ವರ್ಷಗಳು—ಇರಲಿ.

ಉಳಿದಿದ್ದುದು ದೊಡ್ಡ ಕಾರುಗಳು. ಅತ್ತಿಗೆ ಒಂದರಲ್ಲಿ ಕೂತು ನೋಡಿದರು. ದಿಂಬಿಟ್ಟರೆ ಕ್ಲಚ್ಚಿಗೆ ಕಾಲು ಎಟಕದು. ತೆಗೆದರೆ ಸ್ಟಿಯರಿಂಗಿನ ಆಚೆ ರಸ್ತೆ ಕಾಣದು. “ಇನ್ನು ಕಾಲು ಉದ್ದ ಮಾಡ್ಲಿಕ್ಕೆ ಆಗ್ತದಾ?” ಎಂದು ನಕ್ಕು ಕೆಳಗಿಳಿದರು. ಹೊಸ ಮಾದರಿಗೆ ಹಣ ಕಟ್ಟಿದವರೇ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ. ಲೀಸಿಗೆ ಯಾರು ಕೊಡುತ್ತಿದ್ದರು? ನಾಲ್ಕು ಹುಡುಗಿಯರಲ್ಲಿ ಇಬ್ಬರು ಆ ವರ್ಷವೇ ಶಾಲೆ ಬಿಟ್ಟರು. ಅವರಲ್ಲೊಬ್ಬಳು ರೈಲ್ವೆ ಗುಮಾಸ್ತರ ಮಗಳು ವನಜಾ. ಬೀದಿಯಲ್ಲಿ ಕಂಡಾಗ ಓದಿನ ಬಗ್ಗೆ ಕೇಳಿದೆ. “ಪರವಾಯಿಲ್ಲೆ ಮಾಮಾ,” ಎಂದು ತಮಿಳಿನಲ್ಲೇ ಹೇಳಿ, ಕೈಯಲ್ಲಿದ್ದ ಕೊಡವನ್ನು ಸೊಂಟಕ್ಕೇರಿಸಿಕೊಂಡು ಹೋದಳು. ಅತ್ತಿಗೆ ಒಂದೆರಡು ಬಾರಿ ಲೈಸೆನ್ಸನ್ನು ನವೀಕರಿಸಿದರು. ಆಮೇಲೆ ಅದನ್ನೂ ಬಿಟ್ಟರು. ಆ ದಿಂಬು ಈಗ ನನ್ನ ಬರೆಯುವ ಕುರ್ಚಿಯ ಮೇಲಿದೆ.

ಇಷ್ಟನ್ನೂ ಅಚ್ಚಿಗೆ ಕಳುಹಿಸುವ ಮೊದಲು, ಹೋದ ವಾರ, ಅವರೆದುರು ಓದಿದೆ. ಅವರು ಮೆಟ್ಟುಕತ್ತಿಯ ಮುಂದೆ ಕೂತು ಅಲಸಂಡೆ ಹೆಚ್ಚುತ್ತಿದ್ದರು. ಓದಿ ಮುಗಿಸಿದಾಗ ಕೈ ನಿಂತಿತ್ತು.

“ಆ ಶುಕ್ರವಾರ ನಾನು ಮನೆಯಲ್ಲೇ ಇದ್ದೆ,” ಎಂದರು. “ಕೆಲಸವೂ ಇರ್ಲಿಲ್ಲ.”

ನಾನು ಹಾಳೆಗಳನ್ನು ಕೆಳಗಿಟ್ಟೆ.

“ಬೇಡ ಅಂದಿದ್ರೆ ನಾನು ಜಗಳ ಮಾಡ್ತಿದ್ದೆ ಶೀನ. ನಿನ್ನ ಹತ್ರ ಗೆಲ್ತಿದ್ದೆನೋ ಇಲ್ವೋ, ಮಾಡ್ತಿದ್ದೆ. ನೀನು ಕಾಯುವ ಅಂದೆ. ಕಾಯುವ ಅಂದವನ ಹತ್ರ ಎಂತ ಅಂತ ಜಗಳ ಮಾಡುದು?”

ಆಮೇಲೆ, “ಅಚ್ಚಿಗೆ ಕೊಡು. ನನ್ನ ಹೆಸರೂ ಇರ್ಲಿ,” ಎಂದು ಮತ್ತೆ ಹೆಚ್ಚತೊಡಗಿದರು. ಕ್ಷಮಿಸಿದೆನೆನ್ನಲಿಲ್ಲ. ಕ್ಷಮಿಸಿರೆಂದು ಕೇಳುವ ಹಕ್ಕು ನನಗಿದೆಯೆಂದು ನನಗೂ ತೋರಲಿಲ್ಲ. ಸಂಘದ ಅಧ್ಯಕ್ಷ ಸ್ಥಾನಕ್ಕೆ ಈ ತಿಂಗಳು ರಾಜೀನಾಮೆ ಕೊಟ್ಟಿದ್ದೇನೆ. ಅದು ಪ್ರಾಯಶ್ಚಿತ್ತವಲ್ಲ, ಹೀಗೆ ಪಡೆದದ್ದನ್ನು ಇಷ್ಟು ದಿನ ಇಟ್ಟುಕೊಂಡದ್ದೇ ತಪ್ಪು.

ಓದುಗರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಮನೆಯ ಹೆಣ್ಣುಮಗಳೊಬ್ಬಳು ‘ಯಾವಾಗ’ ಎಂದು ಕೇಳಿ, ನಿಮ್ಮ ಮಾತಿಗೆ ಕಾದು ಕೂತಿದ್ದರೆ, ಈ ಹಾಳೆಯನ್ನು ಮಡಿಸಿಟ್ಟು ಆಕೆಯ ಬಳಿಗೆ ಹೋಗಿ. ನಿಮಗೆ ಒಪ್ಪಿಗೆಯಿಲ್ಲದಿದ್ದರೆ ಇಲ್ಲವೆಂದೇ ಹೇಳಿ, ಆಕೆ ನಿಮ್ಮೊಡನೆ ವಾದಿಸಲಿ. ಒಪ್ಪಿಗೆಯಿದ್ದರೆ ಒಂದು ದಿನವನ್ನು ಹೇಳಿ. ಇವತ್ತೇ ಹೇಳಿ.