ದುಂಡು ಬೀಗದ ಆಂಜಿನಮ್ಮ

ಚಿಂತಾಮಣಿಯ ನನ್ನ ಬೀಗದಂಗಡಿಯ ಎದುರಿಗೆ ಕೊಡೆ ನೆಟ್ಟು ಕೂರುವ ಆಂಜಿನಮ್ಮನ ಬಂಡವಾಳ ತೂಗಿ ನೋಡಿದರೆ ಒಂದು ಗೋಣಿಚೀಲ, ಒಂದು ಅರ, ಟಿಫಿನ್ ಡಬ್ಬಿಯ ತುಂಬ ಬೀಗ ತೆರೆಯುವ ಕಡ್ಡಿಗಳು. ಎಲ್ಲ ಸೇರಿ ನನ್ನ ಹೊಸ್ತಿಲ ಮ್ಯಾಟಿನಷ್ಟೂ ಬೆಲೆ ಬಾಳವು. ಆದರೂ ಸಾದಲಿಯಿಂದ, ಕೆಂಚಾರ್ಲಹಳ್ಳಿಯಿಂದ ಬರುವ ಕೀ ಕಳೆದುಕೊಂಡವರು ನನ್ನ ಗಾಜಿನ ಶೋಕೇಸು ದಾಟಿ ಆ ಕೊಡೆಯ ಕೆಳಗೇ ಹೋಗಿ ಕುಕ್ಕರಿಸುತ್ತಾರೆ. ದುಂಡು ಬಾಯಿಯ ಕೊಳವೆ ಬೀಗ ಬಂದರಂತೂ ಆಕೆಯ ಗತ್ತು ನೋಡಬೇಕು. ಹಳೇ ಬಸ್ ಟಿಕೆಟ್ಟನ್ನು ಬೀಗದ ಬಾಯಿಗೆ ಒತ್ತಿ, ಒಳಗಿನ ಪಿನ್ನುಗಳಿಂದ ಮೂಡಿದ ಚುಕ್ಕಿ ಎಣಿಸಿ, ಏಳು ಪಿನ್ನಿಗೊಂದು, ಎಂಟಕ್ಕೊಂದು, ಸಣ್ಣ ಬಾಯಿಗೆ ಇನ್ನೊಂದು ಎಂದು ಕಡ್ಡಿ ಆರಿಸುತ್ತಾಳೆ. ಅವಸರ ಮಾಡಿದವರಿಗೆ, “ಕೈ ನೋಡ್ದೆ ಬಳೆ ತೊಡಿಸ್ತಾರೇನಪ್ಪ? ಸುಮ್ನೆ ಕೂತ್ಕೋ” ಎನ್ನುತ್ತಾಳೆ. ಆಕೆ ತೆರೆದ ಒಂದೊಂದು ಬೀಗವೂ ನಾನು ಮಾರದೆ ಹೋದ ಒಂದು ಹೊಸ ಬೀಗ. ಹೊಟ್ಟೆಕಿಚ್ಚು ತಡೆಯಲಾರದೆ, “ನಿಮ್ಮೆದುರಿಗೆ ತೆಗ್ದೋಳು ನೀವಿಲ್ದಾಗ ತೆಗೆಯಲ್ವಾ?” ಎಂದು ಗಿರಾಕಿಗಳ ಕಿವಿ ಊದುತ್ತಿದ್ದೆ. ಹೋದ ವರ್ಷ ನನ್ನ ಹೆಂಡತಿ ತೀರಿಕೊಂಡಳು. ಅವಳ ಕಬ್ಬಿಣದ ಪೆಟ್ಟಿಗೆಗೆ ಇದ್ದದ್ದೂ ಅಂಥದೇ ದುಂಡು ಬೀಗ, ಕೀ ಸಿಗಲಿಲ್ಲ. ಒಡೆಯಲು ನನಗೆ ಕೈ ಬರಲಿಲ್ಲ. ಕೊನೆಗೆ ಆಂಜಿನಮ್ಮನನ್ನೇ ಕರೆಸಿದೆ. ಆಕೆ ಮನೆಗೆ ಬಂದು, ಮೂರು ಕಡ್ಡಿ ಬದಲಾಯಿಸಿ, ಬೀಗ ತಿರುಗಿದ ಕೂಡಲೇ ಗೋಡೆಯ ಕಡೆ ಮುಖ ಮಾಡಿ ಕೂತಳು. “ಅಕ್ಕ ಇಟ್ಟಿದ್ದು ನೀವು ನೋಡ್ಬೇಕು ಕಣಣ್ಣ, ನಾನಲ್ಲ” ಎಂದಳು. ಬೀಗದಂಗಡಿಯವನೇ ತನ್ನನ್ನು ಕರೆಸಿದ್ದನೆಂದು ಆಕೆ ಇವತ್ತಿಗೂ ಪೇಟೆಯಲ್ಲಿ ಯಾರಿಗೂ ಹೇಳಿಲ್ಲ. ಆಕೆಯ ಮೇಲೆ ಹಬ್ಬಿಸಿದ ಮಾತಿಗೆ ನಾನು ಕ್ಷಮೆ ಕೇಳುವುದು ಬಾಕಿಯಿದೆ.