ನವಮಿಯ ನೀರು

ಸೇಡಂನಲ್ಲಿ ಹುಟ್ಟಿದವಳಿಗೆ ಸಮುದ್ರದ ಉಸಾಬರಿ ಯಾಕೆ ಎಂದು ಕೇಳದವರು ನಮ್ಮ ಓಣಿಯಲ್ಲಿ ಯಾರೂ ಇಲ್ಲ. ಕೇಳಲಿ. ಮುಂಬಯಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ರಜೆಯ ದಿನಗಳಲ್ಲಿ ಹಾಯಿದೋಣಿ ನಡೆಸಲು ಕಲಿತೆ. ಕೋಡ್ಲಾದ ಸಿಮೆಂಟ್ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿರುವ ತಮ್ಮನೂ ಮುಂಬಯಿಗೆ ಬಂದಾಗಲೆಲ್ಲ ನನ್ನ ಹಿಂದೆ ಬಿದ್ದು ಕಲಿತ. ಹೋದ ವರ್ಷ ಮೊದಲ ಸಲ ಒಂದು ಪಯಣದ ಪೂರ್ತಿ ಹೊಣೆ ನನ್ನ ಮೇಲೆ ಬಂತು. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ದಡಗುಂಟ ಸಾಗಿ, ಒಂದು ನಡುಗಡ್ಡೆಗೂ ನೆಲಕ್ಕೂ ನಡುವಿನ ಇಕ್ಕಟ್ಟನ್ನು ದಾಟಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಜೊತೆಗೆ ತಮ್ಮ ಬರುವುದೆಂದು ಮಾತಾಗಿತ್ತು.

ಆ ಇಕ್ಕಟ್ಟಿನಲ್ಲಿ ಉಬ್ಬರವಿಳಿತದ ಸೆಳೆತ ವಿಪರೀತ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನಮ್ಮ ದೋಣಿಗಿಂತ ನೀರೇ ಜೋರು ಓಡುತ್ತದೆ. ಹಾಯಿ ಬಿಚ್ಚಿ ಮುಂದೆ ಹೊರಟವರು ಹಿಂದಕ್ಕೆ ಹೋಗುತ್ತಾರೆ! ಅಷ್ಟಮಿ ಕಳೆದ ಮರುದಿನ ಆ ಸೆಳೆತ ಸೊರಗುತ್ತದೆ. ಅವತ್ತೂ ಇಳಿತ ಮುಗಿದು ಉಬ್ಬರ ಶುರುವಾಗುವ ನಡುವೆ ನೀರು ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಆಗ ನುಸುಳಿಬಿಡಬೇಕು. ರಜೆಗೆ ಸೇಡಂಗೆ ಬಂದವಳು ಶಹಾಬಾದ್ ಕಲ್ಲಿನ ನೆಲದ ಮೇಲೆ ಸಮುದ್ರದ ನಕ್ಷೆ ಹರವಿ, ಮೂಲೆಗಳ ಮೇಲೆ ತೊಗರಿಬೇಳೆಯ ಡಬ್ಬಿಗಳನ್ನಿಟ್ಟು, ಲೆಕ್ಕ ಹಾಕಿ ದಿನ ಗೊತ್ತು ಮಾಡಿದೆ. ಲೆಕ್ಕಕ್ಕೆ ಬಂದದ್ದು ನವಮಿ.

ಅಪ್ಪ ಚಿಂಚೋಳಿಯಲ್ಲಿ ಮಾಸ್ತರರಾಗಿದ್ದು ನಿವೃತ್ತರಾದವರು. ಈಗ ಗುಡಿಯಲ್ಲಿ ಪಂಚಾಂಗ ಓದುತ್ತಾರೆ, ಊರವರಿಗೆ ಪ್ರಯಾಣದ ದಿನ ನೋಡಿ ಹೇಳುತ್ತಾರೆ. ನವಮಿಗೆ ಯಾರನ್ನೂ ಹೊಸ್ತಿಲು ದಾಟಗೊಟ್ಟವರಲ್ಲ. ಹುಣ್ಣಿಮೆ ಭಾಳ ಛಲೋ ಅದ, ಅವತ್ತು ದಾಟ್ರಿ ಎಂದರು. ನನಗೆ ಮೊದಲು ನಗು ಬಂತು, ಆಮೇಲೆ ಮೈ ಉರಿಯಿತು. ನಾನು ಪಟ್ಟು ಬಿಡದಿದ್ದಾಗ ಅಪ್ಪ ಕನ್ನಡಕ ತೆಗೆದಿಟ್ಟು, ತಮ್ಮನ ಕಡೆ ಕೈ ಮಾಡಿದರು.

"ನೀ ಯಾರ ಮಾತು ಕೇಳಾಕಿ? ಹೋಗು. ಇವನ್ನ ಮಾತ್ರ ನಾ ಕಳಸಂಗಿಲ್ಲ."

ಕಾರ್ಖಾನೆಯಲ್ಲಿ ನೂರು ಜನರ ಮುಂದೆ ಗಂಟಲು ಹರಿದುಕೊಳ್ಳುವ ತಮ್ಮ, ಅಪ್ಪನ ಮುಂದೆ ತುಟಿಪಿಟಕ್ಕೆನ್ನಲಿಲ್ಲ. ಅವನು ಬಾರದಿದ್ದರೆ ನನ್ನ ಪಯಣ ಅಲ್ಲಿಗೇ ಮುಗಿಯಿತು. ನಾನು ಹೋಗಿ ಅಪ್ಪನ ಎದುರಿಗೇ ಕೂತೆ.

"ಅಪ್ಪಾ, ಕಾಗಿಣಾ ತುಂಬಿ ಸೇತುವೆ ಮುಳುಗಿದಾಗ ನೀವು ಚಿಂಚೋಳಿಯಿಂದ ಮನಿಗೆ ಹೆಂಗ ಬರ್ತಿದ್ರಿ? ಮುಹೂರ್ತ ನೋಡಿ ದಾಟ್ತಿದ್ರೇನು?"

ಅಪ್ಪ ತೆಗೆದಿಟ್ಟ ಕನ್ನಡಕವನ್ನು ಮತ್ತೆ ಹಾಕಿಕೊಂಡರು.

"ನೀರು ಇಳಿಯೋತನಕ ದಂಡಿಮ್ಯಾಲ ಕುಂತು ಬರ್ತಿದ್ರಿ. ನಾನೂ ಅದನ್ನೇ ಮಾಡಾಕತ್ತೀನಿ."

ಅಪ್ಪ ಎದ್ದು ಒಳಗೆ ಹೋದರು. ಮರುದಿನ ಪೂಜೆ ಮುಗಿಸಿ ಬಂದು ಒಂದು ದಾರಿ ಹೇಳಿದರು. ನವಮಿಗೇ ದಾಟಲಿ, ಆದರೆ ಕೇಳಿದವರಿಗೆ ದಶಮಿ ಎಂದು ಹೇಳಿದರಾಯಿತು. ಊರಿಗೆಲ್ಲ ದಿನ ನೋಡುವವರು ಅವರು, ಅವರ ಕಷ್ಟ ನನಗೆ ತಿಳಿಯದ್ದೇನಲ್ಲ. ಆದರೂ ಆಗುವುದಿಲ್ಲ ಎಂದೆ. ಕದ್ದು ಹೋಗಲು ನಾನೇನು ಕಳ್ಳಿಯೇ? ನವಮಿಗೆ ದಾಟುವವಳು ನವಮಿ ಎಂದೇ ಹೇಳುತ್ತೇನೆ. ಅಪ್ಪನ ಮುಖ ಕಪ್ಪಿಟ್ಟಿತು. ಆಗ ತಮ್ಮ ಡಬ್ಬಿಗಳನ್ನು ಸರಿಸಿ, ನಕ್ಷೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ.

"ನಾನೂ ಹೋಗ್ತೀನ್ರಿ ಅಪ್ಪಾ. ನವಮಿಗೇ," ಎಂದ.

ವಾಡಿ ಜಂಕ್ಷನ್‌ನಲ್ಲಿ ಮುಂಬಯಿ ರೈಲು ಹತ್ತುವಾಗ ಬೀಳ್ಕೊಡಲು ಯಾರೂ ಬಂದಿರಲಿಲ್ಲ. ನವಮಿಯ ದಿನ ಇಕ್ಕಟ್ಟಿನ ಈಚೆ ಲಂಗರು ಹಾಕಿ ಕಾದೆವು. ದೋಣಿಯ ಪಕ್ಕದಲ್ಲಿ ಕಸಕಡ್ಡಿ ತೇಲಿ ಹೋಗುತ್ತಲೇ ಇತ್ತು. ಕೊನೆಗೆ ಒಂದು ತೆಂಗಿನ ಚಿಪ್ಪು ನಿಧಾನವಾಗಿ ಬಂದು ನಮ್ಮ ಪಕ್ಕದಲ್ಲೇ ನಿಂತಿತು. ಈಗ ರಾಹುಕಾಲ ಅಕ್ಕಾ ಎಂದು ತಮ್ಮ ಹಲ್ಲು ಕಿರಿದ. ಇರಲಿ, ಹಾಯಿ ಏರಿಸು ಎಂದೆ. ನೀರು ಮತ್ತೆ ಓಡಲು ಶುರುಮಾಡುವಷ್ಟರಲ್ಲಿ ನಾವು ಆಚೆ ಇದ್ದೆವು.

ಮುಂದಿನ ರಜೆಗೆ ಊರಿಗೆ ಬಂದಾಗ ಅಪ್ಪ ಆ ಮಾತು ಎತ್ತಲೇ ಇಲ್ಲ. ನಾನೂ ಎತ್ತಲಿಲ್ಲ, ನನಗೇನು ದರ್ದು? ಒಂದು ಬೆಳಿಗ್ಗೆ ನಮ್ಮ ತಾಲೂಕಿನದೇ ಮುಧೋಳದಿಂದ ಒಬ್ಬರು ದಿನ ಕೇಳಲು ಬಂದರು. ನಿಮ್ಮ ಮಗಳು ಸಮುದ್ರ ದಾಟಿದಳಂತೆ, ಅದಕ್ಕೆ ಯಾವ ದಿನ ನೋಡಿಕೊಟ್ಟಿದ್ದಿರಿ ಎಂದು ಕುತೂಹಲದಿಂದ ಕೇಳಿದರು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದೆ. ಅಪ್ಪ ದಶಮಿ ಎಂದರೆ ಅಲ್ಲಿಗೇ ಹೋಗಿ, ಅಲ್ಲ ಎಂದು ಹೇಳುವುದಿತ್ತು.

"ನಾ ನೋಡಿಕೊಟ್ಟಿದ್ದಲ್ಲ, ಆಕೀನೇ ನೋಡಿದ್ಲು," ಎಂದರು ಅಪ್ಪ. "ನವಮಿ."